ಯುದ್ಧ ಮುಗಿದ ಊರಿಗೆ ಬಂದ ಹಣ

ಒಂದು ಟಾರ್ಪಾಲಿನಿಂದ ಶುರು ಮಾಡುತ್ತೇನೆ. 2009ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ 236 ಹಳ್ಳಿಗಳಿಗೆ ಸಂಶೋಧಕರ ತಂಡವೊಂದು ಹೋಗಿ, ಹಳ್ಳಿಗೊಂದರಂತೆ ದೊಡ್ಡ ಟಾರ್ಪಾಲು ಕೊಟ್ಟು ಬಂತು. ಇದು ಇಡೀ ಊರಿಗೆ ಸೇರಿದ್ದು, ಏನು ಮಾಡಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು ಎಂದು ಹೇಳಿ ಹೊರಟುಬಿಟ್ಟರು. ಟಾರ್ಪಾಲಿನ ಉಪಯೋಗ ನಿಮಗೆ ನಾನು ಹೇಳಬೇಕಾಗಿಲ್ಲ. ಭತ್ತ ಹರವಬಹುದು, ಸೋರುವ ಸೂರಿಗೆ ಹೊದಿಸಬಹುದು, ಮಳೆಗಾಲದಲ್ಲಿ ಹತ್ತು ಜನ ಕೂರಲು ಚಪ್ಪರ ಕಟ್ಟಬಹುದು. ಕೆಲವು ತಿಂಗಳು ಕಳೆದ ಮೇಲೆ ಅದೇ ತಂಡ ಹೇಳದೆ ಕೇಳದೆ ಮತ್ತೆ ಬಂತು. ಟಾರ್ಪಾಲು ಎಲ್ಲಿದೆ? ಯಾರ ಅಟ್ಟದ ಮೇಲಿದೆ? ಏನು ಮಾಡಬೇಕೆಂದು ಯಾರು ಯಾರು ಕೂತು ತೀರ್ಮಾನಿಸಿದಿರಿ? ಹೆಂಗಸರು ಬಂದಿದ್ದರೆ? ಹುಡುಗರು ಬಾಯಿ ತೆರೆದರೆ?

ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆ ನಡೆದಿತ್ತು. ಊರವರ ಮುಂದೆ ಉಪ್ಪು ಮತ್ತು ಬ್ಯಾಟರಿ ಎರಡನ್ನೂ ಇಟ್ಟು, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದಿದ್ದರು. ಉಪ್ಪು ಬೇಕೆ, ಬ್ಯಾಟರಿ ಬೇಕೆ ಎಂಬುದು ಸಂಶೋಧಕರಿಗೆ ಮುಖ್ಯವಾಗಿರಲಿಲ್ಲ. ಅವರು ಪಕ್ಕದಲ್ಲಿ ಕೂತು ಮಾತುಕತೆಯನ್ನು ಬರೆದುಕೊಳ್ಳುತ್ತಿದ್ದರು: ಎಷ್ಟು ಹೊತ್ತು ಚರ್ಚೆಯಾಯಿತು, ಎಷ್ಟು ಜನ ಮಾತನಾಡಿದರು, ಹಿರಿಯರು ನಾಲ್ಕು ಮಂದಿ ಪಕ್ಕಕ್ಕೆ ಹೋಗಿ ಪಿಸುಗುಟ್ಟಿ ಬಂದು ತೀರ್ಪು ಹೇಳಿದರೆ, ಇಲ್ಲವೆ?

ನಗು ಬರಬಹುದು. ಒಂದು ಹೊದಿಕೆ, ಒಂದಿಷ್ಟು ಉಪ್ಪು, ಅದಕ್ಕೆ ಇಷ್ಟು ಸಂಶೋಧನೆಯೆ? ಆದರೆ ಹಿಂದೆ ಇದ್ದ ಪ್ರಶ್ನೆ ದೊಡ್ಡದು: ಹೊರಗಿನಿಂದ ಹಣ ಕೊಟ್ಟು, ಊರವರೆಲ್ಲ ಕೂತು ತೀರ್ಮಾನಿಸುವ ರೂಢಿಯನ್ನೂ ಪರಸ್ಪರ ನಂಬಿಕೆಯನ್ನೂ ಬೆಳೆಸಬಹುದೆ? ಆ 236 ಹಳ್ಳಿಗಳಲ್ಲಿ ಸರಿಯಾಗಿ ಅರ್ಧ, ಅಂದರೆ 118 ಹಳ್ಳಿಗಳಲ್ಲಿ, ಅದಕ್ಕೆ ಮೊದಲಿನ ನಾಲ್ಕು ವರ್ಷ ಗೋಬಿಫೋ ಎಂಬ ಯೋಜನೆ ನಡೆದಿತ್ತು. ಅಲ್ಲಿನ ಕ್ರಿಯೋ ಭಾಷೆಯಲ್ಲಿ ಗೋಬಿಫೋ ಎಂದರೆ ಮುಂದೆ ಸಾಗು ಎಂದರ್ಥ. ಹಳ್ಳಿಗೆ ತಲಾ 4,667 ಡಾಲರ್ ಕೊಟ್ಟು, ಊರವರೇ ಕೂತು ಯೋಜನೆ ಮಾಡಿ, ಊರವರೇ ಖರ್ಚು ಮಾಡುವ ಏರ್ಪಾಡು ಅದು. ಮನೆಯೊಂದಕ್ಕೆ ಸುಮಾರು 100 ಡಾಲರ್ ಆಗುತ್ತದೆ. ಅಲ್ಲಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಇನ್ನುಳಿದ 118 ಹಳ್ಳಿಗಳಿಗೆ ಏನೂ ಸಿಕ್ಕಿರಲಿಲ್ಲ. ಯಾವ ಹಳ್ಳಿಗೆ ಸಿಗಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು, ಹೋಲಿಸಿ ನೋಡಲು ಅನುಕೂಲವಾಗಲಿ ಎಂದು.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಸಿಯೆರಾ ಲಿಯೋನಿನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಸುಮಾರು 50,000 ಜನ ಸತ್ತರು, ದೇಶದ ಅರ್ಧದಷ್ಟು ಜನ ಮನೆಮಠ ಬಿಟ್ಟು ಓಡಬೇಕಾಯಿತು. ನಿಮ್ಮಲ್ಲಿ ಸೈನ್ಯದಲ್ಲಿ ಇದ್ದವರಿಗೆ ಕೈಲಾಹುನ್ ಎಂಬ ಹೆಸರು ನೆನಪಿರಬಹುದು. 2000ನೇ ಇಸವಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗಿದ್ದ ಭಾರತೀಯ ಸೈನಿಕರು ಅಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಬಂಡುಕೋರರ ದಿಗ್ಬಂಧನದಲ್ಲಿದ್ದರು. ಜುಲೈನಲ್ಲಿ ಆಪರೇಷನ್ ಖುಕ್ರಿ ನಡೆಸಿ ಅವರನ್ನು ಬಿಡಿಸಿಕೊಂಡರು.

ಯುದ್ಧಕ್ಕೆ ವಜ್ರದ ಗಣಿ ಕಾರಣ ಎಂದು ಪತ್ರಿಕೆಗಳು ಬರೆದವು. ಅದು ಸುಳ್ಳಲ್ಲ. ಆದರೆ ಬಂದೂಕು ಹಿಡಿದ ಹುಡುಗರ ಸಿಟ್ಟಿಗೆ ಇನ್ನೊಂದು ಬೇರಿತ್ತು. ಅಲ್ಲಿನ ಹಳ್ಳಿಗಾಡು ಪ್ಯಾರಾಮೌಂಟ್ ಚೀಫ್ ಎಂಬ ಪಾಳೆಯಗಾರರ ಕೈಯಲ್ಲಿತ್ತು. ಬ್ರಿಟಿಷರು ಗಟ್ಟಿಮಾಡಿಟ್ಟು ಹೋದ ವ್ಯವಸ್ಥೆ. ಕೆಲವೇ ಮನೆತನದವರು ಆ ಪಟ್ಟಕ್ಕೆ ಬರಬಹುದು, ಒಮ್ಮೆ ಬಂದರೆ ಸಾಯುವವರೆಗೆ ಇಳಿಯುವುದಿಲ್ಲ. ಜಮೀನಿನ ಹಂಚಿಕೆ, ಬಿಟ್ಟಿ ಕೆಲಸ, ದಂಡ ಎಲ್ಲವೂ ಅವರದೇ ಆಗಿತ್ತು. ದಂಡ ಕಟ್ಟಲಾಗದ ಹುಡುಗರು ಊರು ಬಿಟ್ಟರು, ಊರು ಬಿಟ್ಟವರ ಕೈಗೆ ಬಂದೂಕು ಸಿಕ್ಕಿತು. ಹೀಗಾಗಿ ಶಾಂತಿ ಬಂದ ಮೇಲೆ ದಾನಿಗಳೂ ಸರ್ಕಾರವೂ ಯೋಚಿಸಿದ್ದು ಇಷ್ಟು: ಹಣವನ್ನು ಚೀಫ್ ಕೈಗೆ ಕೊಡುವುದು ಬೇಡ. ಊರಿನಲ್ಲಿ ಸಮಿತಿ ಮಾಡೋಣ, ಹೆಂಗಸರೂ ಹುಡುಗರೂ ಅದರಲ್ಲಿ ಕೂರಲಿ, ಖರ್ಚಿನ ಲೆಕ್ಕ ಬಹಿರಂಗವಾಗಲಿ. ನಾಲ್ಕು ವರ್ಷ ಹೀಗೆ ರೂಢಿಯಾದರೆ, ಹಣ ಮುಗಿದರೂ ರೂಢಿ ಉಳಿಯುತ್ತದೆ. ಈ ರೂಢಿ ಮಾಡಿಸಲೆಂದೇ ಕಾರ್ಯಕರ್ತರು ಪ್ರತಿ ಹಳ್ಳಿಯಲ್ಲೂ ಆ ನಾಲ್ಕು ವರ್ಷಗಳಲ್ಲಿ ಒಟ್ಟು ಆರು ತಿಂಗಳಷ್ಟು ಕೆಲಸ ಮಾಡಿದರು.

ಈಗ ಟಾರ್ಪಾಲಿಗೆ ಬರೋಣ. ಹಣ ಬಂದ ಊರಿಗೂ ಬಾರದ ಊರಿಗೂ ಟಾರ್ಪಾಲಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಪ್ಪು-ಬ್ಯಾಟರಿಯ ಸಭೆಯಲ್ಲೂ ಕಾಣಲಿಲ್ಲ. ಹೆಂಗಸರು ಮೊದಲು ಎಷ್ಟು ಮಾತನಾಡುತ್ತಿದ್ದರೋ ಅಷ್ಟೇ. ಹಾಗೆಂದು ಯೋಜನೆ ಸೋತಿತು ಎನ್ನುವಂತಿಲ್ಲ. ಹಣ ಬಂದ ಊರುಗಳಲ್ಲಿ ಶಾಲೆಯ ಕಟ್ಟಡ, ಶೌಚಾಲಯ, ಭತ್ತ ಒಣಗಿಸುವ ಸಿಮೆಂಟಿನ ಕಣ, ಎಲ್ಲ ಉತ್ತಮವಾಗಿದ್ದವು. ವ್ಯಾಪಾರ ಚುರುಕಾಗಿತ್ತು. ಹಣ ಪೋಲಾಗಿರಲಿಲ್ಲ. ಯುದ್ಧದಿಂದ ಎದ್ದ ಬಡ ದೇಶದಲ್ಲಿ ಇದು ಸಣ್ಣ ಮಾತೇನಲ್ಲ. ಕಣ ಬಂತು, ಕಣದ ಬಳಿ ಯಾರ ಮಾತು ನಡೆಯಬೇಕೆಂಬುದು ಮಾತ್ರ ಬದಲಾಗಲಿಲ್ಲ.

ಪೂರ್ವ ಕಾಂಗೋದಲ್ಲಿ ಟುಂಗಾನೆ ಎಂಬ ಇನ್ನೂ ದೊಡ್ಡ ಯೋಜನೆ ನಡೆಯಿತು. ಸ್ವಾಹಿಲಿಯಲ್ಲಿ ಒಂದಾಗೋಣ ಎಂದರ್ಥ. ಅಲ್ಲಿಯೂ ಸಮಿತಿಯಲ್ಲಿ ಹೆಂಗಸರ ಪಾಲು ಇಷ್ಟಿರಬೇಕೆಂಬ ನಿಯಮ, ಅಲ್ಲಿಯೂ ಯೋಜನೆಯ ನಂತರ ಹಳ್ಳಿಗಳಿಗೆ ಷರತ್ತಿಲ್ಲದೆ 1,000 ಡಾಲರ್ ಕೊಟ್ಟು ಹೇಗೆ ಬಳಸುತ್ತಾರೆ ಎಂದು ನೋಡಿದರು. ಫಲಿತಾಂಶ ಇದೇ ತೆರನಾದದ್ದು. ಅದನ್ನು ಬೆಳೆಸುವುದಿಲ್ಲ.

ಹೊರಗಿನಿಂದ ಹಣ ಕೊಟ್ಟು ಒಳಗಿನ ನಂಬಿಕೆ ಬೆಳೆಸಬಹುದು ಎಂಬ ವಿಚಾರ ಎಲ್ಲಿಂದ ಬಂತು? ಬಹುಮಟ್ಟಿಗೆ ಇಂಡೋನೇಷ್ಯಾದಿಂದ. 1998ರಲ್ಲಿ ಆರ್ಥಿಕ ಕುಸಿತದ ನಡುವೆ ಅಲ್ಲಿನ ಅಧ್ಯಕ್ಷ ಸುಹಾರ್ತೋ ಅವರ ಆಡಳಿತ ಬಿತ್ತು. ಮೂವತ್ತು ವರ್ಷ ರಾಜಧಾನಿ ಜಕಾರ್ತದಿಂದ ಇಳಿದು ಬರುತ್ತಿದ್ದ ಹಣ ದಾರಿಯಲ್ಲಿ ಹೇಗೆ ಕರಗುತ್ತಿತ್ತು ಎಂಬುದು ಎಲ್ಲರಿಗೂ ತಿಳಿದಿತ್ತು. ಅದೇ ವರ್ಷ ಕೆಚಮಾತನ್ ಅಭಿವೃದ್ಧಿ ಯೋಜನೆ ಆರಂಭವಾಯಿತು. ಕೆಚಮಾತನ್ ಎಂದರೆ ನಮ್ಮ ಹೋಬಳಿಯ ಹಾಗೆ ಎಂದುಕೊಳ್ಳಿ. ಹಣ ನೇರವಾಗಿ ಹೋಬಳಿಯ ಜಂಟಿ ಖಾತೆಗೆ. ಹಳ್ಳಿಗಳವರು ತಮ್ಮ ಬೇಡಿಕೆ ತಂದು ಒಟ್ಟಿಗೆ ಕೂತು ವಾದಿಸಿ, ಯಾವ ಕೆಲಸಕ್ಕೆ ಹಣ ಎಂದು ನಿರ್ಧರಿಸುತ್ತಿದ್ದರು. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಊರಿನ ಹಲಗೆಯ ಮೇಲೆ ಬರೆಯುತ್ತಿದ್ದರು. ಎರಡನೆಯ ಕಂತು ಬೇಕಾದರೆ ಮೊದಲನೆಯದರ ಲೆಕ್ಕವನ್ನು ಸಭೆಗೆ ಒಪ್ಪಿಸಬೇಕಿತ್ತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಾನು ಬೆಳೆದ ಊರಿನಲ್ಲಿ ಜಾತ್ರೆ ಮುಗಿದ ಎಂಟನೆಯ ದಿನ ಗುಡಿಯ ಮುಂದಿನ ಕಟ್ಟೆಯ ಮೇಲೆ ಲೆಕ್ಕ ಓದುತ್ತಿದ್ದರು. ಪಟ್ಟಿ ಎತ್ತಿದ್ದೆಷ್ಟು, ತೇರಿನ ಹಗ್ಗಕ್ಕೆಷ್ಟು, ಸಂತರ್ಪಣೆಯ ಬೆಲ್ಲಕ್ಕೆಷ್ಟು. ಕೇಳುವವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಆದರೆ ಬೆಲ್ಲದ ಬೆಲೆಯಲ್ಲಿ ನಾಲ್ಕಾಣೆ ಹೆಚ್ಚು ಹಾಕಿದ್ದರೆ ಸಾಕು, ಯಾರಾದರೂ ಒಬ್ಬ ಅಜ್ಜಿ ಎದ್ದು ನಿಂತು ಮೊನ್ನೆಯ ಸಂತೆಯ ಧಾರಣೆ ಹೇಳಿಬಿಡುತ್ತಿದ್ದಳು. ಅಷ್ಟೇ ಹೊತ್ತಿಗೆ ತೇರಿನ ಗಾಲಿಗೆ ಹಾಕಿದ್ದು ಎಂಥ ಮರ, ಎಷ್ಟು ಅಡಿ ಎಂದು ಕೇಳುವವರು ಯಾರೂ ಇರಲಿಲ್ಲ. ಗೊತ್ತಾಗಬೇಕಲ್ಲ!

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬೆಂಜಮಿನ್ ಓಲ್ಕನ್ ಎಂಬ ಅರ್ಥಶಾಸ್ತ್ರಜ್ಞರು ಕಂಡದ್ದು ಇದನ್ನೇ. ಕೆಚಮಾತನ್ ಯೋಜನೆಯಡಿ ರಸ್ತೆ ಹಾಕುತ್ತಿದ್ದ 608 ಹಳ್ಳಿಗಳನ್ನು ಅವರು ಆರಿಸಿಕೊಂಡರು. ರಸ್ತೆ ಮುಗಿದ ಮೇಲೆ ಎಂಜಿನಿಯರುಗಳು ಬಂದು ಅಲ್ಲಲ್ಲಿ ರಸ್ತೆಯನ್ನೇ ಅಗೆದು, ಮರಳೆಷ್ಟು, ಜಲ್ಲಿಯೆಷ್ಟು ಎಂದು ಅಳೆದು, ಪುಸ್ತಕದ ಲೆಕ್ಕದ ಜೊತೆ ಹೋಲಿಸಿದರು. ಸಾಮಾನಿನ ಬೆಲೆ ಹೆಚ್ಚು ಬರೆದಿದ್ದರೆ ಊರವರಿಗೆ ವಾಸನೆ ಬಡಿಯುತ್ತಿತ್ತು. ಹಾಕದ ಜಲ್ಲಿಯನ್ನು ಹಾಕಿದ ಹಾಗೆ ಬರೆದಿದ್ದರೆ ತಿಳಿಯುತ್ತಿರಲಿಲ್ಲ. ಕಳ್ಳತನ ನಡೆಯುತ್ತಿದ್ದದ್ದೂ ಅಲ್ಲಿಯೇ. ಲೆಕ್ಕದ ಸಭೆಗೆ ಹೆಚ್ಚು ಜನರನ್ನು ಕರೆದದ್ದರಿಂದ ಸೋರಿಕೆ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಸರ್ಕಾರದ ಲೆಕ್ಕ ತಪಾಸಣೆ ಖಂಡಿತ ಆಗುತ್ತದೆ ಎಂದು ಮೊದಲೇ ಹೇಳಿದ ಊರುಗಳಲ್ಲಿ ಮಾತ್ರ ಕಾಣೆಯಾದ ಹಣದ ಪ್ರಮಾಣ ಎಂಟು ಶೇಕಡಾವಾರು ಅಂಶಗಳಷ್ಟು ಇಳಿಯಿತು. ಜೊತೆಗೆ ಇನ್ನೊಂದೂ ಆಯಿತು. ತಪಾಸಣೆಯ ಭಯವಿದ್ದ ಊರುಗಳಲ್ಲಿ ಕೆಲಸ ನಡೆಸುವವರ ನೆಂಟರಿಷ್ಟರಿಗೆ ಕೂಲಿ ಸಿಗುವುದು ಹೆಚ್ಚಾಯಿತು. ಜಲ್ಲಿ ಕದಿಯುವ ಹಾಗಿಲ್ಲವಾದರೆ ಭಾವಮೈದುನನನ್ನಾದರೂ ಕೆಲಸಕ್ಕೆ ಹಚ್ಚೋಣ ಎಂಬ ಲೆಕ್ಕ. ಮನುಷ್ಯ ಎಲ್ಲ ಕಡೆಯೂ ಒಂದೇ.

ಇದನ್ನು ಹೇಳಿದ್ದು ನಗಿಸಲು ಮಾತ್ರ ಅಲ್ಲ. ಸಮುದಾಯ ಎಂಬ ಪದವನ್ನು ನಾವು ಬಹಳ ಮೃದುವಾಗಿ ಬಳಸುತ್ತೇವೆ. ಊರವರು ಕೂತರೆ ಎಲ್ಲ ಸರಿಹೋಗುತ್ತದೆ ಎಂಬ ಭಾವ ಅದರಲ್ಲಿದೆ. ನಮ್ಮ ಗ್ರಾಮಸಭೆಗಳಿಗೆ ಹೋಗಿ ಬಂದ ಯಾರಿಗೂ ಆ ಭಾವ ಬಹಳ ದಿನ ಉಳಿಯುವುದಿಲ್ಲ. ಊರವರ ಕಣ್ಣು ಬೇಕು, ಮೇಲಿನಿಂದ ಬಂದು ರಸ್ತೆ ಅಗೆಯುವವನೂ ಬೇಕು. ನಂಬಿಕೆ ಎಂದರೆ ನನ್ನ ಮಟ್ಟಿಗೆ ಪರಸ್ಪರ ಪ್ರೀತಿಯಲ್ಲ. ಮೋಸವಾದರೆ ಯಾರಾದರೂ ಅಗೆದು ನೋಡುತ್ತಾರೆ ಎಂಬ ಖಾತರಿ ಅದು. ಯುದ್ಧ ನಡೆದ ಊರಿನಲ್ಲಿ ಕಳೆದುಹೋಗುವುದು ಮೊದಲು ಆ ಖಾತರಿಯೇ.

ಈಗ ಇಂಡೋನೇಷ್ಯಾದ್ದೇ ಯುದ್ಧದ ಊರಿಗೆ ಹೋಗೋಣ. ಸುಮಾತ್ರಾ ದ್ವೀಪದ ವಾಯವ್ಯ ತುದಿಯ ಪ್ರಾಂತ್ಯ, ಅಚೆಹ್. ಬಾಯಲ್ಲಿ ಹೇಳಿದರೆ ನಮ್ಮ ‘ಆಚೆ’ಯ ಹಾಗೆಯೇ ಕೇಳುತ್ತದೆ, ದೇಶದ ನಕ್ಷೆಯಲ್ಲಿಯೂ ಅದು ಆಚೆಯೇ. 1976ರಿಂದ ಅಲ್ಲಿ ಸ್ವತಂತ್ರ ಅಚೆಹ್ ಚಳವಳಿ ಸೈನ್ಯದೊಂದಿಗೆ ಹೋರಾಡುತ್ತಿತ್ತು. 2004ರ ಡಿಸೆಂಬರ್ 26ರ ಸುನಾಮಿ ಅಚೆಹ್ ಕರಾವಳಿಯನ್ನು ತೊಡೆದುಹಾಕಿತು. ಮುಂದಿನ ಆಗಸ್ಟ್ 15ರಂದು, ಫಿನ್‌ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅವರ ಮಧ್ಯಸ್ಥಿಕೆಯಲ್ಲಿ, ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಹೋರಾಟಗಾರರು ಬಂದೂಕು ಒಪ್ಪಿಸಿದರು. ಅವರಿಗೂ, ಬಿಡುಗಡೆಯಾದ ಕೈದಿಗಳಿಗೂ, ಜೊತೆಗೆ ಸಂಘರ್ಷದಲ್ಲಿ ನಷ್ಟ ಅನುಭವಿಸಿದ ಸಾಮಾನ್ಯ ಜನರಿಗೂ ನೆರವು ಕೊಡುತ್ತೇವೆ ಎಂದು ಒಪ್ಪಂದ ಹೇಳಿತು.

ನಷ್ಟ ಅನುಭವಿಸಿದವರು ಅರ್ಜಿ ಕೊಡಿ ಎಂದು ಸರ್ಕಾರ ಹೇಳಿದ್ದೇ ತಡ, ಮಾಜಿ ಹೋರಾಟಗಾರರನ್ನು ಮತ್ತೆ ಸಮಾಜಕ್ಕೆ ಸೇರಿಸಲೆಂದು 2006ರಲ್ಲಿ ಸ್ಥಾಪಿಸಿದ್ದ ಸಂಸ್ಥೆಯ ಕಚೇರಿಯಲ್ಲಿ ಹತ್ತಾರು ಸಾವಿರ ಅರ್ಜಿಗಳು ರಾಶಿ ಬಿದ್ದವು. ಯಾರ ನಷ್ಟ ನಿಜ, ಯಾರದು ಬರೆಸಿಕೊಂಡದ್ದು ಎಂದು ಅಲ್ಲಿ ಕೂತು ಹೇಳುವವರು ಯಾರು? ಸಂಸ್ಥೆ ಕೈಚೆಲ್ಲಿತು. ಆಗ ಕೆಚಮಾತನ್ ಯೋಜನೆಯ ದಾರಿ ನೆನಪಾಯಿತು. 67 ಹೋಬಳಿಗಳ 1,724 ಹಳ್ಳಿಗಳಿಗೆ ಸುಮಾರು 2.1 ಕೋಟಿ ಡಾಲರ್ ಕೊಟ್ಟು, ನೊಂದವರು ಯಾರು, ಏನು ಕೊಡಬೇಕು ಎಂಬುದನ್ನು ಊರಿಗೇ ಬಿಟ್ಟರು.

ದಾನಿಗಳ ಮನಸ್ಸಿನಲ್ಲಿ ಇದ್ದದ್ದು ರಸ್ತೆ, ಸೇತುವೆ, ಊರಿನ ಸಭಾಭವನ. ಆದದ್ದು ಬೇರೆ. ಹತ್ತಿರ ಹತ್ತಿರ ಶೇಕಡಾ 90ರಷ್ಟು ಹಣ ಮನೆಮನೆಗೆ ಹಂಚಿಹೋಯಿತು. ಸಾಮಾನಾಗಿಯೋ, ಸಣ್ಣಪುಟ್ಟ ದುಡಿಮೆಗೆ ಬಂಡವಾಳವಾಗಿಯೋ ಕೈಸೇರಿತು. ಇದನ್ನು ಕೆಲವರು ಯೋಜನೆಯ ವೈಫಲ್ಯ ಎಂದರು. ನನಗೆ ಹಾಗನ್ನಿಸುವುದಿಲ್ಲ. ಮೂವತ್ತು ವರ್ಷ ಎರಡೂ ಕಡೆಯವರ ಕೈಯಲ್ಲಿ ಸಿಕ್ಕಿ ಹಾಕಿಕೊಂಡ ಊರಿನಲ್ಲಿ, ನೀನು ನೊಂದವಳು, ನೀನು ಅಲ್ಲ ಎಂದು ನೆರೆಯವರ ಮುಖ ನೋಡಿ ಹೇಳುವವರು ಯಾರು? ಅದೂ ಅಲ್ಲದೆ ಆ ಹಣ ಬಂದದ್ದು ನಷ್ಟಕ್ಕೆ ಬದಲಾಗಿ ಎಂದು ಜನ ತಿಳಿದಿದ್ದರು. ಮನೆ ಸುಟ್ಟಿದ್ದಕ್ಕೆ ಪರಿಹಾರವಾಗಿ ಊರಿಗೆ ಚರಂಡಿ ಬೇಕೆ ಎಂದು ಕೇಳಿದರೆ ನೀವಾದರೂ ಏನು ಹೇಳುತ್ತೀರಿ?

ಮತ್ತು ಹಣ ಕೆಲಸಕ್ಕೆ ಬಂತು. ಊರಿನ ಮುಖ್ಯಸ್ಥರ ಎಣಿಕೆಯಲ್ಲಿ ಬಡ ಕುಟುಂಬಗಳ ಪಾಲು 11 ಶೇಕಡಾವಾರು ಅಂಶಗಳಷ್ಟು ಇಳಿಯಿತು. ಊರುಗಳಲ್ಲಿ ಜಗಳವಾಗಲಿಲ್ಲ. ಆದರೆ ಪ್ಯಾಟ್ರಿಕ್ ಬ್ಯಾರನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಹಣ ಬಂದ ಊರುಗಳಲ್ಲಿ ನೊಂದವರು ಮಾಜಿ ಹೋರಾಟಗಾರರನ್ನು ಒಪ್ಪಿಕೊಳ್ಳುವುದು ಹೆಚ್ಚಾಗಲಿಲ್ಲ, ಬದಲಿಗೆ ಕಡಿಮೆಯಾಯಿತು. ಸರ್ಕಾರದ ಮೇಲಿನ ನಂಬಿಕೆಯೂ ಏರಲಿಲ್ಲ.

ಯಾಕೆ? ಅಧ್ಯಯನದವರು ಹಲವು ಕಾರಣ ಊಹಿಸುತ್ತಾರೆ. ಯೋಜನೆ ಅವಸರದ್ದು, ಒಂದೇ ಸುತ್ತಿನ ಹಣ. ಊರಿನೊಳಗಿನ ಸಂಬಂಧ ಮೊದಲೇ ಅಷ್ಟು ಕೆಟ್ಟಿರಲಿಲ್ಲ, ಸುಧಾರಿಸಲು ಜಾಗವೇ ಕಡಿಮೆ. ನನ್ನ ಊಹೆ ಇಷ್ಟು. ಯಾರು ನೊಂದವರು ಎಂದು ಪಟ್ಟಿ ಮಾಡಲು ಕೂತಾಗ, ಅಲ್ಲಿಯವರೆಗೆ ಎಲ್ಲರೂ ನುಂಗಿಕೊಂಡಿದ್ದ ಮಾತು ನಾಲಗೆಯ ತುದಿಗೆ ಬರುತ್ತದೆ. ಆದರೆ ಸಭೆ ಕರೆದದ್ದು ಹಣ ಹಂಚಲು. ಆ ಮಾತನ್ನು ಆಡಲು ಅಲ್ಲಿ ಎಡೆಯಿಲ್ಲ. ಹೆಸರು ಬರೆದು, ಹಣ ಕೊಟ್ಟು, ಸಭೆ ಬರಖಾಸ್ತು. ನೆನಪು ಮಾಡಿಕೊಟ್ಟು ಬಾಯಿ ಮುಚ್ಚಿಸಿದ ಹಾಗಾಯಿತು. ಇದು ಊಹೆ ಮಾತ್ರ, ನೀವು ಒಪ್ಪಬೇಕೆಂದಿಲ್ಲ.

ಕೆಚಮಾತನ್ ಯೋಜನೆಯ ಬೀಜ ಅಫ್ಘಾನಿಸ್ತಾನಕ್ಕೂ ಹೋಯಿತು. ಅಲ್ಲಿ ಬೆಳೆದಷ್ಟು ದೊಡ್ಡದಾಗಿ ಯುದ್ಧದ ನಾಡಿನಲ್ಲಿ ಇನ್ನೆಲ್ಲಿಯೂ ಬೆಳೆಯಲಿಲ್ಲವೇನೋ. 2003ರಲ್ಲಿ ಗ್ರಾಮೀಣ ಪುನರ್ವಸತಿ ಮತ್ತು ಅಭಿವೃದ್ಧಿ ಸಚಿವಾಲಯ ಹಂಬಸ್ತಗಿ ಮಿಲ್ಲಿ, ಅಂದರೆ ರಾಷ್ಟ್ರೀಯ ಒಗ್ಗಟ್ಟು ಎಂಬ ಕಾರ್ಯಕ್ರಮ ಆರಂಭಿಸಿತು. ಊರವರು ಗುಪ್ತ ಮತದಾನದಿಂದ ಅಭಿವೃದ್ಧಿ ಮಂಡಳಿಯನ್ನು ಆರಿಸಬೇಕಿತ್ತು. ಗಂಡಸರು ಹೆಂಗಸರು ಇಬ್ಬರೂ ಮತ ಹಾಕಬೇಕಿತ್ತು, ಇಬ್ಬರೂ ಮಂಡಳಿಯಲ್ಲಿರಬೇಕಿತ್ತು. ಒಂದೇ ಚಾವಡಿಯಲ್ಲಿ ಕೂರಲು ಸಂಪ್ರದಾಯ ಒಪ್ಪದ ಕಡೆ ಹೆಂಗಸರದು ಬೇರೆ ಸಭೆ. ಮನೆಗೆ 200 ಡಾಲರ್ ಲೆಕ್ಕದಲ್ಲಿ, ಊರಿಗೆ 60,000 ಡಾಲರ್ ಮೀರದಂತೆ ಅನುದಾನ. ಕೆಲಸದ ವೆಚ್ಚದಲ್ಲಿ ಹತ್ತನೇ ಒಂದು ಭಾಗ ಊರಿನ ವಂತಿಗೆ, ದುಡ್ಡಿನ ರೂಪದಲ್ಲಿ ಇಲ್ಲವೇ ದುಡಿಮೆಯ ರೂಪದಲ್ಲಿ. ದುಡಿಮೆಯ ವಂತಿಗೆ ಅಲ್ಲಿನವರಿಗೆ ಹೊಸದೇನಲ್ಲ. ಕಾಲುವೆಯ ಹೂಳೆತ್ತಲು, ಒಬ್ಬರ ಕೊಯ್ಲಿಗೆ ಎಲ್ಲರೂ ಸೇರಲು ಅವರಲ್ಲಿ ಹಶರ್ ಎಂಬ ಪದ್ಧತಿ ಇದೆ. ನಮ್ಮ ಮುಯ್ಯಾಳಿನ ಅಣ್ಣನೋ ತಮ್ಮನೋ ಅದು. ಬ್ಯಾಂಕು ಇಲ್ಲದ ಪ್ರಾಂತ್ಯಗಳಿಗೆ ಹಣ ಹೋದದ್ದು ಹವಾಲಾ ವ್ಯಾಪಾರಿಗಳ ಕೈಯಿಂದ. ನಮ್ಮಲ್ಲಿ ಹವಾಲಾ ಎಂದರೆ ಪೊಲೀಸರು ನೆನಪಾಗುತ್ತಾರೆ. ಅಲ್ಲಿ ಅದು ಸರ್ಕಾರದ ಅನುದಾನ ಹೊತ್ತುಕೊಂಡು ಗುಡ್ಡ ಹತ್ತಿತು. 34 ಪ್ರಾಂತ್ಯಗಳಲ್ಲೂ ಸೇರಿ 35,000ಕ್ಕೂ ಹೆಚ್ಚು ಸಮುದಾಯಗಳಿಗೆ ಈ ಕಾರ್ಯಕ್ರಮ ತಲುಪಿತು.

ಇದರ ಬಗ್ಗೆ ಆಂಡ್ರ್ಯೂ ಬೀತ್, ಫೋಟಿನಿ ಕ್ರಿಸ್ಟಿಯಾ, ರೂಬೆನ್ ಎನಿಕೊಲೊಪೊವ್ ಎಂಬ ಮೂವರು 10 ಜಿಲ್ಲೆಗಳ 500 ಹಳ್ಳಿಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. 250 ಹಳ್ಳಿಗೆ ಮೊದಲು ಹಣ, ಉಳಿದ 250ಕ್ಕೆ ನಂತರ. ಕುಡಿಯುವ ನೀರು ಮತ್ತು ವಿದ್ಯುತ್ ಬಂದವು, ಅದು ಸ್ಪಷ್ಟ. ಕಾಲುವೆ, ರಸ್ತೆಗಳ ಪ್ರಯೋಜನ ಅಷ್ಟು ಕಾಣಲಿಲ್ಲ. ಹೆಂಗಸರ ಸ್ಥಾನಮಾನದ ಬಗ್ಗೆ ಅಭಿಪ್ರಾಯ ಕೊಂಚ ಸಡಿಲವಾಯಿತು. ಸಿಯೆರಾ ಲಿಯೋನಿಗಿಂತ ಇಲ್ಲಿ ಒಂದು ಹೆಜ್ಜೆ ಮುಂದೆ.

ನಾನು ಮತ್ತೆ ಮತ್ತೆ ಮೆಲುಕು ಹಾಕುವುದು ಇನ್ನೆರಡು ಸಂಗತಿಗಳನ್ನು. ಮೊದಲನೆಯದು ಸರ್ಕಾರದ ಬಗೆಗಿನ ಭಾವನೆ. ಮಂಡಳಿ ರಚನೆಯಾಗಿ, ಹಣ ಬರುತ್ತಾ, ಕೆಲಸ ನಡೆಯುತ್ತಿದ್ದಾಗ ಕಾಬೂಲಿನ ಸರ್ಕಾರದ ಬಗ್ಗೆ ಒಳ್ಳೆಯ ಮಾತು ಹೆಚ್ಚಾಯಿತು. ಕೆಲಸ ಮುಗಿದು, ಹಣ ನಿಂತ ಮೇಲೆ ಅದು ಬಹುಪಾಲು ಕರಗಿಹೋಯಿತು. ಕಾಬೂಲಿಗೆ ಊರಿನ ನಂಬಿಕೆ ಬಾಡಿಗೆಗೆ ಸಿಕ್ಕಿತ್ತು ಎನ್ನಬಹುದು, ಬಾಡಿಗೆ ನಿಂತ ತಿಂಗಳು ಮನೆ ಖಾಲಿ. ಜನರನ್ನು ಬೈಯುವಂತಿಲ್ಲ. ಒಮ್ಮೆ ಬಂದು ನೀರಿನ ಪಂಪು ಹಾಕಿಸಿ, ಮತ್ತೆ ತಿರುಗಿ ನೋಡದವನ ಬಗ್ಗೆ ಯಾರಿಗಾದರೂ ಎಷ್ಟು ದಿನ ಗೌರವ ಇರುತ್ತದೆ?

ಎರಡನೆಯದು ಗೋಧಿಯ ವಿಷಯ. ಕೆಲವು ಊರುಗಳಿಗೆ ಆಹಾರ ನೆರವು ಬಂದಾಗ, ಹಂಚುವ ಹೊಣೆಯನ್ನು ಚುನಾಯಿತ ಮಂಡಳಿಗೇ ಎಂದು ಸ್ಪಷ್ಟವಾಗಿ ವಹಿಸಿದ ಕಡೆ ಅದು ಬಡವರನ್ನು ಚೆನ್ನಾಗಿ ಮುಟ್ಟಿತು. ಹಂಚುವವರು ಯಾರೆಂದು ಹೇಳದೆ ಬಿಟ್ಟ ಕಡೆ, ಹೊಸ ಮಂಡಳಿ ಇದ್ದ ಊರಿನಲ್ಲೇ ಹಂಚಿಕೆ ಹೆಚ್ಚು ಕೆಟ್ಟಿತು, ಮಂಡಳಿಯೇ ಇಲ್ಲದ ಊರಿಗಿಂತಲೂ. ಹಳೆಯ ಯಜಮಾನನ ಹೊಣೆ ಸಡಿಲವಾಗಿತ್ತು, ಹೊಸಬರ ಹೊಣೆ ಗಟ್ಟಿಯಾಗಿರಲಿಲ್ಲ. ಎರಡು ಬಾಗಿಲ ನಡುವೆ ನಿಂತ ಗೋಧಿ ಎತ್ತ ಹೋಯಿತೋ! ಸಮಿತಿ ಕಟ್ಟಿ, ಹಣ ಖರ್ಚು ಮಾಡಿಸಿ, ಆಮೇಲೆ ಅದಕ್ಕೆ ಕೆಲಸ ಕೊಡದೆ ಬಿಟ್ಟು ಹೋಗುವವರು ಈ ಸಂಗತಿಯನ್ನು ಓದಬೇಕು.

ಹಿಂಸೆ ಕಡಿಮೆಯಾಯಿತೆ? ಈ ಪ್ರಶ್ನೆ ನಿಮ್ಮಲ್ಲೂ ಇರಬೇಕು. ಪಾಕಿಸ್ತಾನದ ಗಡಿಗೆ ಹತ್ತಿರದ ಪೂರ್ವದ ಎರಡು ಜಿಲ್ಲೆಗಳಲ್ಲಿ ಏನೂ ಆಗಲಿಲ್ಲ, ಉಳಿದ ಕಡೆ ಸ್ವಲ್ಪ ತಗ್ಗಿತು. ಬಂಡುಕೋರರು ಊರವರ ಅನ್ನವನ್ನೇ ನಂಬಿಕೊಂಡಿದ್ದರೆ ಊರವರ ಮನಸ್ಸು ಲೆಕ್ಕಕ್ಕೆ ಬರುತ್ತದೆ. ಗಡಿಯಾಚೆಯಿಂದ ಬಂದು ಹೋಗುವವರಿಗೆ ಊರಿನ ಪಂಪಿನಿಂದ ಏನಾಗಬೇಕು? ಫಿಲಿಪ್ಪೀನ್ಸ್‌ನಲ್ಲಿ ಇನ್ನೂ ಕೆಟ್ಟ ಅನುಭವ. ಅಲ್ಲಿನ ಕಲಾಹಿ-ಸಿಡ್ಸ್ ಎಂಬ ಇಂಥದೇ ಯೋಜನೆಗೆ ಆಯ್ಕೆಯಾದ ಪಟ್ಟಣ-ಹಳ್ಳಿಗಳಲ್ಲಿ, ಹಣ ಬರುವ ಮೊದಲೇ, ತಯಾರಿಯ ಹಂತದಲ್ಲೇ ದಾಳಿಗಳು ಹೆಚ್ಚಾದವು. ಯೋಜನೆ ಗೆದ್ದರೆ ತಮ್ಮ ಬುಡ ಅಲುಗುತ್ತದೆ ಎಂದು ಬಂಡುಕೋರರಿಗೆ ಅನ್ನಿಸಿರಬೇಕು. ಒಂದು ರೀತಿಯಲ್ಲಿ ಅದು ಯೋಜನೆಗೆ ಸಿಕ್ಕ ಪ್ರಶಸ್ತಿಯೇ, ಆದರೆ ಅದಕ್ಕೆ ತೆತ್ತ ಬೆಲೆ ಜೀವಗಳು.

ಅಫ್ಘಾನಿಸ್ತಾನದಲ್ಲಿ ಇದೇ ಹೊತ್ತಿಗೆ ಇನ್ನೊಂದು ಕೈಯೂ ಹಣ ಹಂಚುತ್ತಿತ್ತು. ಅಮೆರಿಕದ ಸೇನಾ ಕಮಾಂಡರುಗಳಿಗೆ ತಮ್ಮ ವಿವೇಚನೆಯಂತೆ ಖರ್ಚು ಮಾಡಲು ನಿಧಿ ಇತ್ತು. ಅದರ ಬಳಕೆಗೆ 2009ರಲ್ಲಿ ಸೇನೆ ಹೊರತಂದ ಕೈಪಿಡಿಯಲ್ಲಿ ಹಣವನ್ನು ಒಂದು ಶಸ್ತ್ರವ್ಯವಸ್ಥೆ ಎಂದೇ ಕರೆದಿದ್ದಾರೆ. ಮುಚ್ಚುಮರೆ ಇಲ್ಲದ ಮಾತು, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಆದರೆ ಬಾವಿಯನ್ನು ಶಸ್ತ್ರವೆಂದು ಕೊಟ್ಟರೆ, ಎದುರಾಳಿ ಅದನ್ನು ಶಸ್ತ್ರವೆಂದೇ ನೋಡುತ್ತಾನೆ. ಬಾವಿಯ ಪಕ್ಕದಲ್ಲಿ ಕೊಡ ಹಿಡಿದು ನಿಂತವಳು ಆಗ ಯಾರು?

ಮತ್ತೆ ಸಿಯೆರಾ ಲಿಯೋನಿಗೆ ಒಮ್ಮೆ ಹೋಗಿಬರೋಣ. ಹಣದಿಂದ ಆಗದ್ದು ಮಾತಿನಿಂದ ಆದೀತೆ ಎಂದೂ ಅಲ್ಲಿ ಪ್ರಯತ್ನಪಟ್ಟಿದ್ದಾರೆ. ಫಂಬುಲ್ ಟೋಕ್ ಎಂಬ ಸಂಸ್ಥೆ ಅದು. ಕ್ರಿಯೋದಲ್ಲಿ ಮನೆಮಂದಿಯ ಮಾತು ಎಂದರ್ಥ. ಜಾನ್ ಕಾಲ್ಕರ್ ಎಂಬ ಮಾನವ ಹಕ್ಕು ಹೋರಾಟಗಾರರು ಕಟ್ಟಿದ್ದು. ಯುದ್ಧದಲ್ಲಿ ಆದದ್ದನ್ನು ಸತ್ಯ ಆಯೋಗ ದಾಖಲಿಸಿತು, ರಾಜಧಾನಿಯ ವಿಶೇಷ ನ್ಯಾಯಾಲಯ ದೊಡ್ಡವರ ವಿಚಾರಣೆ ಮಾಡಿತು. ಆದರೆ ಕೈ ಕಡಿದವನೂ ಕೈ ಕಳೆದುಕೊಂಡವನೂ ಒಂದೇ ಊರಿನ ಒಂದೇ ದಾರಿಯಲ್ಲಿ ಓಡಾಡುತ್ತಿದ್ದರಲ್ಲ, ಅವರಿಗೆ? ಫಂಬುಲ್ ಟೋಕ್ ಊರಿನ ನಡುವೆ ರಾತ್ರಿ ಬೆಂಕಿ ಹಾಕಿಸುತ್ತದೆ. ನೊಂದವರು ಎಲ್ಲರ ಮುಂದೆ ಆದದ್ದನ್ನು ಹೇಳುತ್ತಾರೆ. ಮಾಡಿದವರು ಒಪ್ಪಿಕೊಳ್ಳುತ್ತಾರೆ, ಕ್ಷಮೆ ಕೇಳುತ್ತಾರೆ.

200 ಹಳ್ಳಿಗಳಲ್ಲಿ ಇದರ ಪರಿಣಾಮ ನೋಡಿದ ಸಂಶೋಧಕರು ಅದನ್ನು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಕಿಯ ಸುತ್ತ ಮಾತಾದ ಊರುಗಳಲ್ಲಿ ಕ್ಷಮೆ ಹೆಚ್ಚಿತ್ತು. ಸಂಘಗಳಿಗೆ ಸೇರುವವರು, ಊರಿನ ಕೆಲಸಕ್ಕೆ ಕೈ ಹಾಕುವವರು ಹೆಚ್ಚಿದ್ದರು. ಗೋಬಿಫೋ ಹುಡುಕಿ ಸಿಗದಿದ್ದ ವಸ್ತು ಇಲ್ಲಿ ಸಿಕ್ಕಿತು. ಆದರೆ ಅದೇ ಊರುಗಳಲ್ಲಿ ಖಿನ್ನತೆ, ಆತಂಕ, ಆಘಾತದ ಲಕ್ಷಣಗಳೂ ಹೆಚ್ಚಿದ್ದವು, ವರ್ಷಗಳ ನಂತರವೂ. ಗಾಯ ಬಿಚ್ಚಿ ನೋಡಿದ್ದರಿಂದ ಊರಿಗೆ ಒಳ್ಳೆಯದಾಯಿತು, ಗಾಯ ಇದ್ದವರಿಗೆ ನೋವು ಹೆಚ್ಚಿತು. ಅನುದಾನದಲ್ಲಿ ಯಾವುದಾದರೂ ಒಂದು ಪಾಲನ್ನು ಊರಿನ ಸಮಿತಿಯ ಕೈಗೆ ಕೊಡದೆ ಬೇರೆ ತೆಗೆದಿಡಬೇಕೆಂದರೆ ಅದು ಇದಕ್ಕೇ: ಬೆಂಕಿ ಆರಿದ ಮಾರನೆಯ ಬೆಳಿಗ್ಗೆಯಿಂದ ಆ ಜನರ ಜೊತೆ ಕೂತು ಕೇಳಿಸಿಕೊಳ್ಳುವವರಿಗೆ.

ಹಾಗಾದರೆ ಹಣ ಕೊಡಬಾರದೆ ಎಂದು ನೀವು ಕೇಳಬಹುದು. ಕೊಡಬೇಕು. ನೀರಿಗೆ ಎಂದು ಕೊಡಿ, ಶಾಲೆಗೆ ಎಂದು ಕೊಡಿ, ಸುಟ್ಟ ಮನೆಗೆ ಎಂದು ಕೊಡಿ. ನಾಲ್ಕು ವರ್ಷದಲ್ಲಿ ನಂಬಿಕೆ ಬೆಳೆಸಿಕೊಡುತ್ತೇವೆ ಎಂದು ಅರ್ಜಿಯಲ್ಲಿ ಬರೆಯುವುದನ್ನು ನಿಲ್ಲಿಸಿದರೆ ಸಾಕು. ಎಷ್ಟು ಕಾಲ ಬೇಕಾಗಬಹುದು ಎಂಬುದಕ್ಕೆ ಒಂದು ಕೊನೆಯ ಉದಾಹರಣೆ ಇದೆ.

ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಬಣಗಳ ನಡುವೆ ದಶಕಗಳ ಕಾಲ ಹಿಂಸೆ ನಡೆದಿದ್ದ ಉತ್ತರ ಐರ್ಲೆಂಡಿನಲ್ಲಿ, 1994ರ ಕದನವಿರಾಮದ ಮರುವರ್ಷ ಐರೋಪ್ಯ ಒಕ್ಕೂಟ ಪೀಸ್ ಎಂಬ ಕಾರ್ಯಕ್ರಮ ಆರಂಭಿಸಿತು. 26 ಜಿಲ್ಲೆಗಳಲ್ಲಿ ಪಾಲುದಾರಿಕೆ ಮಂಡಳಿಗಳಾದವು. ಒಂದು ಪಾಲು ಚುನಾಯಿತ ಸದಸ್ಯರು, ಒಂದು ಪಾಲು ಸಮುದಾಯ ಸಂಘಟನೆಗಳವರು, ಒಂದು ಪಾಲು ಉದ್ಯಮ ಮತ್ತು ಕಾರ್ಮಿಕ ಸಂಘದವರು. ಒಬ್ಬರ ಮುಖ ಇನ್ನೊಬ್ಬರು ನೋಡದ ಪಕ್ಷಗಳವರು, ಯಾವ ಯುವಕ ಸಂಘಕ್ಕೆ ಎಷ್ಟು ಪೌಂಡು ಎಂದು ಚೌಕಾಶಿ ಮಾಡಲು ಒಂದೇ ಮೇಜಿಗೆ ಬಂದರು. ಜೈಲಿನಿಂದ ಹೊರಬಂದ ಎರಡೂ ಕಡೆಯ ಮಾಜಿ ಕೈದಿಗಳ ಸಂಘಗಳಿಗೂ ಹಣ ಹೋಯಿತು. ಕೊಂದವರಿಗೆ ತೆರಿಗೆಯ ದುಡ್ಡೆ ಎಂದು ದೊಡ್ಡ ಗದ್ದಲವಾಯಿತು, ಆಗಲೇಬೇಕಿತ್ತು. ಆದರೆ ಗಲಭೆಯ ರಾತ್ರಿ ಬೀದಿಗಿಳಿದು ಹುಡುಗರನ್ನು ಮನೆಗೆ ಕಳಿಸುವ ಮಾತು ಯಾರ ಬಾಯಿಂದ ಬಂದರೆ ಹುಡುಗರು ಕೇಳುತ್ತಾರೆ ಎಂಬ ಪ್ರಶ್ನೆಯೂ ಇತ್ತು. ಕಾರ್ಯಕ್ರಮ ಒಂದನೆಯದು ಮುಗಿದು ಎರಡನೆಯದು ಬಂತು, ಮೂರು, ನಾಲ್ಕು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಪೀಸ್ ಪ್ಲಸ್ ಎಂಬ ಹೆಸರಿನಲ್ಲಿ ಅದು 2027ರವರೆಗೆ ಇದೆ.

ಬೆಲ್‌ಫಾಸ್ಟ್ ನಗರದಲ್ಲಿ ಕ್ಯಾಥೊಲಿಕ್ ಕೇರಿಗೂ ಪ್ರಾಟೆಸ್ಟೆಂಟ್ ಕೇರಿಗೂ ನಡುವೆ ಎತ್ತರದ ಗೋಡೆಗಳಿವೆ. ಶಾಂತಿಗೋಡೆ ಎಂದು ಅವಕ್ಕೆ ಹೆಸರು. ಅವನ್ನೆಲ್ಲ 2023ರೊಳಗೆ ತೆಗೆಯುವ ಗುರಿಯನ್ನು ಅಲ್ಲಿನ ಸರ್ಕಾರ 2013ರಲ್ಲಿ ಹಾಕಿಕೊಂಡಿತು. ಗೋಡೆಯ ಪಕ್ಕದಲ್ಲಿ ವಾಸಿಸುವವರು ಒಪ್ಪಿದರೆ ಮಾತ್ರ ಎಂಬ ಷರತ್ತೂ ಇತ್ತು. ಗಡುವು ಮುಗಿಯಿತು, ಬಹಳಷ್ಟು ಗೋಡೆಗಳು ಇನ್ನೂ ನಿಂತಿವೆ. ನಗರದ ಉತ್ತರಕ್ಕೆ ಅಲೆಕ್ಸಾಂಡ್ರಾ ಪಾರ್ಕ್ ಎಂಬ ಉದ್ಯಾನವಿದೆ. ಕದನವಿರಾಮ ಘೋಷಣೆಯಾದ ದಿನಗಳಲ್ಲೇ, 1994ರ ಸೆಪ್ಟೆಂಬರಿನಲ್ಲಿ, ಆ ಉದ್ಯಾನದ ಮಧ್ಯದಲ್ಲಿ ಗೋಡೆ ಎದ್ದಿತು. ಮಕ್ಕಳು ಆಡುವ ಹುಲ್ಲನ್ನು ಎರಡು ಪಾಲು ಮಾಡಿತು. ಹದಿನೇಳು ವರ್ಷ ಎರಡೂ ಕಡೆಯವರ ಜೊತೆ ಮಾತುಕತೆ, ಸಭೆ, ಅನುದಾನ, ಮತ್ತೆ ಸಭೆ. 2011ರಲ್ಲಿ ಆ ಗೋಡೆಗೆ ಒಂದು ಬಾಗಿಲು ಇಟ್ಟರು. ಮೊದಮೊದಲು ಅದನ್ನು ತೆರೆಯುತ್ತಿದ್ದದ್ದು ಹಗಲಿನಲ್ಲಿ ಕೆಲವೇ ಗಂಟೆ.